ಊರು ಯಾರದ್ದು? ಹಾಂಗ್‌ಕಾಂಗ್, 1945 (ಭಾಗ 3)

ಹಾಂಗ್‌ಕಾಂಗ್ 1997ರಲ್ಲಿ ಚೀನಾಕ್ಕೆ ಸೇರಿತು ಅಂತ ನೀವೆಲ್ಲ ಕೇಳಿರ್ತೀರಿ. ಆದ್ರೆ ಅದು 1945ರಲ್ಲೇ ಸೇರಬಹುದಿತ್ತು, ಗೊತ್ತಾ?

ಬ್ರಿಟನ್‌ಗೆ ಈ ಬಂದರು ಸಿಕ್ಕಿದ್ದು ಮೂರು ಕಂತಿನಲ್ಲಿ. 1842ರಲ್ಲಿ ದ್ವೀಪ, 1860ರಲ್ಲಿ ಕೌಲೂನ್, 1898ರಲ್ಲಿ 99 ವರ್ಷದ ಲೀಸಿಗೆ ನ್ಯೂ ಟೆರಿಟರೀಸ್. 1941ರ ಕ್ರಿಸ್‌ಮಸ್ ದಿನ ಇದೆಲ್ಲ ಜಪಾನ್ ಪಾಲಾಯ್ತು. ಮುಂದಿನ 3 ವರ್ಷ 8 ತಿಂಗಳು ಅಕ್ಕಿಗೂ ಬರ. ಜಪಾನೀಯರೇ ಜನರನ್ನ ಊರು ಬಿಡಿಸಿ ಕಳಿಸಿದರು. ಸುಮಾರು 16 ಲಕ್ಷ ಇದ್ದ ಜನಸಂಖ್ಯೆ 6 ಲಕ್ಷಕ್ಕೆ ಇಳಿಯಿತು.

1945ರ ಆಗಸ್ಟ್ 15ರಂದು ಜಪಾನ್ ಸೋಲೊಪ್ಪಿತು. ಈಗ ಅವರು ಶರಣಾಗಬೇಕಾದ್ದು ಯಾರಿಗೆ?

ಚಿಯಾಂಗ್ ಕೈ ಷೇಕ್ ಚೀನಾ ಯುದ್ಧವಲಯದ ಮುಖ್ಯ ಸೇನಾಧಿಪತಿ. ಚೀನಾದಲ್ಲಿರುವ ಜಪಾನಿ ಸೇನೆ ಅವರಿಗೇ ಶರಣಾಗಬೇಕು ಅಂತ ಮಿತ್ರರಾಷ್ಟ್ರಗಳ ಆದೇಶವೇ ಇತ್ತು. ಹಾಂಗ್‌ಕಾಂಗ್ ಕೂಡ ಅದರಲ್ಲೇ ಬಂತಲ್ಲ ಅನ್ನೋದು ಚೀನಾದ ವಾದ. ನಮ್ಮ ವಸಾಹತು, ಕಳಕೊಂಡ ನಾವೇ ವಾಪಸ್ ತಗೋತೀವಿ ಅನ್ನೋದು ಬ್ರಿಟನ್ ವಾದ. ಚೀನಾ ಪರ ಇದ್ದ ರೂಸ್‌ವೆಲ್ಟ್ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು. ಟ್ರೂಮನ್ ಬ್ರಿಟನ್ ಕಡೆ ವಾಲಿದರು.

ಇತ್ತ ಸ್ಟಾನ್ಲಿ ಸೆರೆಶಿಬಿರದಲ್ಲಿ ಫ್ರಾಂಕ್ಲಿನ್ ಗಿಮ್ಸನ್ ಅನ್ನೋ ಬ್ರಿಟಿಷ್ ಅಧಿಕಾರಿ ಇದ್ದರು. ಹಾಂಗ್‌ಕಾಂಗಿಗೆ ವರ್ಗವಾಗಿ ಬಂದಿಳಿದದ್ದು ಜಪಾನ್ ದಾಳಿಯ ಹಿಂದಿನ ದಿನ! ಅಲ್ಲಿಂದ ಹೆಚ್ಚುಕಡಿಮೆ ಸೀದಾ ಸೆರೆ. ಸುದ್ದಿ ಕೇಳಿದ್ದೇ ತಡ, ಲಂಡನ್ ಆದೇಶಕ್ಕೂ ಕಾಯದೆ, ಜೊತೆಗೆ ಸೆರೆಯಲ್ಲಿದ್ದ ಮುಖ್ಯ ನ್ಯಾಯಾಧೀಶರಿಂದ ಪ್ರಮಾಣವಚನ ತಗೊಂಡು ಸರ್ಕಾರ ಶುರು ಮಾಡೇಬಿಟ್ಟರು. ಆಗಸ್ಟ್ 30ಕ್ಕೆ ಅಡ್ಮಿರಲ್ ಹಾರ್ಕೋರ್ಟ್ ಯುದ್ಧನೌಕೆಗಳ ಜೊತೆ ಬಂದರು.

ಕೊನೆಗೆ ರಾಜಿ. ಸೆಪ್ಟೆಂಬರ್ 16ರಂದು ಹಾರ್ಕೋರ್ಟ್ ಬ್ರಿಟನ್ ಮತ್ತು ಚಿಯಾಂಗ್ ಇಬ್ಬರ ಪರವಾಗಿಯೂ ಶರಣಾಗತಿ ಸ್ವೀಕರಿಸಿದರು. ಚಿಯಾಂಗ್‌ಗೆ ಮರ್ಯಾದೆ ಉಳಿಯಿತು, ಬ್ರಿಟನ್‌ಗೆ ಬಂದರು ಉಳಿಯಿತು.

ಚಿಯಾಂಗ್ ಯಾಕೆ ಸೇನೆ ನುಗ್ಗಿಸಲಿಲ್ಲ? ಉತ್ತರ ಚೀನಾದಲ್ಲಿ ಕಮ್ಯುನಿಸ್ಟರು ಬಲವಾಗ್ತಾ ಇದ್ದರು, ಅವರಿಗೆ ಆ ಚಿಂತೆ ದೊಡ್ಡದು. ಮಿತ್ರರಾಷ್ಟ್ರಗಳ ಜೊತೆ ಜಗಳ ಆಗ ಬೇಕಿರಲಿಲ್ಲ. ಮುಂದೆ ಅವರ ಪಡೆಗಳು ಇದೇ ಹಾಂಗ್‌ಕಾಂಗಿನಿಂದ ಅಮೆರಿಕದ ಹಡಗು ಹತ್ತಿ ಉತ್ತರಕ್ಕೆ ಹೋದವು.

ಒಂದು ವಿಷಯ ಗಮನಿಸಿ. ಚೀನಾದ ಕೈಯಲ್ಲಿ ಆದೇಶ ಇತ್ತು, ಬ್ರಿಟನ್ ಕೈಯಲ್ಲಿ ಹಡಗು ಇತ್ತು. ಹಸಿವಲ್ಲಿ ಬದುಕಿ ಉಳಿದ ಆ 6 ಲಕ್ಷ ಜನರನ್ನ ಮಾತ್ರ ಯಾರೂ ಕೇಳಲಿಲ್ಲ. 1984ರಲ್ಲಿ ಬ್ರಿಟನ್ ಮತ್ತು ಚೀನಾ ಹಸ್ತಾಂತರದ ಒಪ್ಪಂದಕ್ಕೆ ಸಹಿ ಹಾಕಿದಾಗಲೂ ಅಲ್ಲಿನ ಜನರ ಮತ ಕೇಳಲಿಲ್ಲ.

ನಿಮ್ಮ ಪ್ರಕಾರ 1945ರಲ್ಲಿ ಯಾರ ವಾದ ಗಟ್ಟಿ? ಕಾಮೆಂಟಲ್ಲಿ ಬರೀರಿ, ಕಾರಣದ ಸಮೇತ. ಮುಂದಿನ ಭಾಗ: ಅದೇ ವರ್ಷ, ಇನ್ನೊಂದು ಬಂದರು, ಟ್ರಿಯೆಸ್ಟ್.