ಕೆಲಸವಿಲ್ಲದವರು ಮಾಡಿದ ಕೆಲಸ

ಕೆಲಸಕ್ಕಾಗಿ ಕಾಯುವುದು ನಮ್ಮ ತೋರಣಗಲ್ಲಿಗೆ ಹೊಸದೇನಲ್ಲ ಬಿಡಿ. ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಇಲ್ಲಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಜೊತೆಗೇ ಘೋಷಣೆಯಾದ ಸೇಲಂ, ವಿಶಾಖಪಟ್ಟಣದ ಕಾರ್ಖಾನೆಗಳು ಎದ್ದು ನಿಂತವು. ನಮ್ಮದು ಮಾತ್ರ ಕಲ್ಲಾಗಿಯೇ ಉಳಿಯಿತು. ಜಿಂದಾಲ್ ವಿಜಯನಗರ ಸ್ಟೀಲ್ ಎಂಬ ಖಾಸಗಿ ಕಂಪನಿ ಹುಟ್ಟಿದ್ದು 1994ರಲ್ಲಿ. ನಡುವೆ 23 ವರ್ಷ! ಕಲ್ಲು ಹಾಕಿದಾಗ ಹುಟ್ಟಿದ ಮಗು ಡಿಗ್ರಿ ಮುಗಿಸಿ ಕೆಲಸ ಹುಡುಕುವಷ್ಟು ಕಾಲ.

ಹೀಗೆ ಕಾಯುತ್ತಾ ಕೂತವರಿಂದ ಸಮಾಜ ಏನೇನು ಮಾಡಿಸಿಕೊಂಡಿದೆ ಅನ್ನುವುದೇ ಒಂದು ಇತಿಹಾಸ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. 15ರಿಂದ 35 ವರ್ಷದ ಅನಕ್ಷರಸ್ಥರಿಗೆ ಓದು-ಬರಹ ಕಲಿಸುವುದು ಗುರಿ. 1990ರಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಪೂರ್ಣ ಸಾಕ್ಷರ ಜಿಲ್ಲೆಯಾಯಿತು. ಆಂದೋಲನ ಕರ್ನಾಟಕಕ್ಕೂ ಬಂತು. ಪಾಠ ಹೇಳಿದವರು ಸಂಬಳವಿಲ್ಲದ ಸ್ವಯಂಸೇವಕರು. ಓದಿಯೂ ಕೆಲಸ ಸಿಗದ ಹುಡುಗ ಹುಡುಗಿಯರು ಅವರಲ್ಲಿ ಎಷ್ಟೋ ಮಂದಿ.

2021ರಲ್ಲಿ ಆ ಸಾಲಿಗೆ ನಾನೂ ಸೇರಿದೆ. ಇಂಜಿನಿಯರಿಂಗ್ ಮುಗಿದಿತ್ತು, ಆಫರ್ ಲೆಟರ್ ಕೈಲಿತ್ತು, ಸೇರುವ ದಿನ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಏಪ್ರಿಲ್ 28ರಂದು 18ರಿಂದ 44 ವಯಸ್ಸಿನವರ ಲಸಿಕೆ ನೋಂದಣಿ ಶುರುವಾಯಿತು. ಕೋವಿನ್‌ನಲ್ಲಿ ಮೊದಲೇ ಹೆಸರು ಬರೆಸಬೇಕು. ಆದರೆ ಅದರಲ್ಲಿ ಆಗ ಕನ್ನಡವೇ ಇರಲಿಲ್ಲ, ಬಂದದ್ದು ಜೂನ್‌ನಲ್ಲಿ! ಅಲ್ಲಿಯವರೆಗೆ ಓಣಿಯವರ ಮೊಬೈಲು, ಆಧಾರ್ ಕಾರ್ಡು ಇಟ್ಟುಕೊಂಡು, ಒಟಿಪಿಗೆ ಕಾದು ಹೆಸರು ತುಂಬಿಸಿದ್ದು ಮನೆಯಲ್ಲಿ ಕೂತಿದ್ದ ನನ್ನಂಥವರು. ಅದೇ ಮೇನಲ್ಲಿ ನಮ್ಮ ಕಾರ್ಖಾನೆಯ ಆಕ್ಸಿಜನ್ ನಂಬಿಕೊಂಡು ಪಕ್ಕದಲ್ಲೇ 1000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತ್ತು. ಹೆದರಿಕೆ ಎಷ್ಟಿತ್ತೆಂದು ನೀವೇ ಊಹಿಸಿ.

"ಇಂಜಿನಿಯರಿಂಗ್ ಓದಿ ಪುಕ್ಕಟೆ ಫಾರಂ ತುಂಬೋದೇನಪ್ಪ?" ಎಂದರು ಅಪ್ಪ. ಬೇಜಾರಾಯ್ತು. ಆದರೆ ಅವರ ಪ್ರಶ್ನೆ ನ್ಯಾಯವಾದದ್ದೇ. ಪುಕ್ಕಟೆ ಸೇವೆ ಅನ್ನುವುದು ಎಲ್ಲೂ ಇಲ್ಲ. ನನ್ನ ಸೇವೆಯ ಖರ್ಚು ಹೊತ್ತದ್ದು ಅಪ್ಪನ ಸಂಬಳ. ತೊಂಬತ್ತರ ದಶಕದಲ್ಲಿ ಅಕ್ಷರ ಕಲಿಸಿದವರ ಊಟದ ಖರ್ಚನ್ನೂ ಯಾರದೋ ಅಪ್ಪನೋ ಅಣ್ಣನೋ ಹೊತ್ತಿರಬೇಕು. ಅವರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ.

ಇನ್ನೊಂದು ಮಾತು. ಕೋವಿನ್ ಮೊದಲ ದಿನದಿಂದಲೇ ಕನ್ನಡದಲ್ಲಿದ್ದಿದ್ದರೆ ನಮ್ಮ ಸೇವೆಯ ಅರ್ಧ ಬೇಕಾಗುತ್ತಲೇ ಇರಲಿಲ್ಲ. ಈಗ ನಾನೂ ಸಾಫ್ಟ್‌ವೇರ್ ಬರೆಯುವವನೇ. ನಾವು ಬಿಟ್ಟ ತೂತನ್ನು ಯಾವುದೋ ಊರಿನ ನಿರುದ್ಯೋಗಿಯೊಬ್ಬ ಸಂಬಳವಿಲ್ಲದೆ ಮುಚ್ಚುತ್ತಿರುತ್ತಾನೆ ಅನ್ನುವುದು ನೆನಪಿರಬೇಕು.

ನಿಮ್ಮೂರಲ್ಲಿ ಅಂದು ಅಕ್ಷರ ಕಲಿಸಿದವರು ಯಾರು? ಆಮೇಲೆ ಅವರಿಗೆ ಕೆಲಸ ಸಿಕ್ಕಿತಾ? ಕೇಳಿ, ಬರೆದಿಡಿ.