ಕಲ್ಲಿಗೆ ಕಿವಿ ಬಂತು, ಆಮೇಲೆ?

ಮೈನ್‌ಕ್ರಾಫ್ಟ್ ಆಟದಲ್ಲಿ ತಾನಾಗಿ ತೆರೆದುಕೊಳ್ಳುವ ಬಾಗಿಲು ಮಾಡಬೇಕೆಂದು ಹೊರಟವರಿಗೆ ಸದ್ದು ಗ್ರಹಿಸುವ ಸ್ಕಲ್ಕ್ ಸೆನ್ಸರ್ ಕೈಗೆ ಸಿಕ್ಕ ದಿನ ಹಬ್ಬ. ಬಾಗಿಲ ಪಕ್ಕ ಒಂದು ಸೆನ್ಸರ್ ಹೂತು, ರೆಡ್‌ಸ್ಟೋನ್ ಪುಡಿಯ ಗೆರೆ ಎಳೆದರೆ ಕೆಲಸ ಮುಗಿಯಿತು. ಹೆಜ್ಜೆ ಸಪ್ಪಳಕ್ಕೇ ಬಾಗಿಲು ತೆರೆಯುತ್ತದೆ. ಅದರ ಇನ್ನೊಂದು ಮುಖ ಕಾಣುವುದು ಮರುದಿನ. ಹಸು ಹಾದುಹೋದರೂ ಬಾಗಿಲು ತೆರೆಯುತ್ತದೆ, ಗುರಿ ತಪ್ಪಿದ ಬಾಣ ನೆಲಕ್ಕೆ ನಾಟಿದರೂ ತೆರೆಯುತ್ತದೆ, ಒಳಗೆ ಕೂತು ಬ್ರೆಡ್ ತಿಂದರೂ ತೆರೆಯುತ್ತದೆ. ಬಾಗಿಲು ತುಸು ತಡವಾಗಿ ಮುಚ್ಚಲಿ ಎಂದು ನಡುವೆ ಒಂದೆರಡು ರಿಪೀಟರ್ ಇಟ್ಟಿರೋ, ಮುಚ್ಚುವ ಸದ್ದನ್ನೇ ಕೇಳಿಸಿಕೊಂಡು ಮತ್ತೆ ತೆರೆಯುತ್ತದೆ. ಕಿವಿ ಚುರುಕಾಗಿದೆ, ಯಾವ ಮಾತಿಗೆ ಓಗೊಡಬೇಕೆಂಬ ವಿವೇಕ ಮಾತ್ರ ಇಲ್ಲ.

ಈ ಆಟದಲ್ಲಿ ಯಂತ್ರಗಳು ತಮ್ಮ ಸುತ್ತಲಿನ ಲೋಕವನ್ನು ಅರಿಯಲು ಕಲಿತದ್ದು ಸುಮಾರು ಹದಿಮೂರು ವರ್ಷಗಳ ಕಥೆ. ಮೊದಲ ಹತ್ತು ವರ್ಷ ಎಲ್ಲರ ಪ್ರಶ್ನೆ ಒಂದೇ: ಇನ್ನೂ ಏನನ್ನು ಗ್ರಹಿಸಬಹುದು? ಸ್ಕಲ್ಕ್ ಸೆನ್ಸರ್ ಬಂದ ಮೇಲೆ ಪ್ರಶ್ನೆ ತಿರುಗಿಬಿದ್ದಿತು: ಏನನ್ನು ಗ್ರಹಿಸದೆ ಬಿಡಬೇಕು?

ಮುಟ್ಟಿದರೆ ಗೊತ್ತಾಗುವ ಕಾಲ

ಸ್ವೀಡನ್ನಿನ ಮಾರ್ಕಸ್ ಪೆರ್ಸನ್ 2009ರ ಮೇ ತಿಂಗಳಲ್ಲಿ ಮೈನ್‌ಕ್ರಾಫ್ಟನ್ನು ಮೊದಲು ಹೊರಬಿಟ್ಟಾಗ ಅದರಲ್ಲಿ ಕಟ್ಟುವುದು, ಕೆಡವುವುದು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. 2010ರ ಜುಲೈಯಲ್ಲಿ ಬಂದ ಆಲ್ಫಾ ಆವೃತ್ತಿಯೊಂದು ರೆಡ್‌ಸ್ಟೋನ್ ಎಂಬ ಅದಿರನ್ನು ತಂದಿತು. ಅದರ ಪುಡಿಯನ್ನು ನೆಲದ ಮೇಲೆ ಗೆರೆಯಾಗಿ ಹರಡಿದರೆ ತಂತಿಯಂತೆ ಕೆಲಸ ಮಾಡುತ್ತದೆ. ಸಂಕೇತ 15ರ ಬಲದಲ್ಲಿ ಹೊರಟು ಬ್ಲಾಕಿಗೊಂದರಂತೆ ಕುಂದುತ್ತ ಹದಿನೈದು ಬ್ಲಾಕುಗಳಲ್ಲಿ ಸೋತುಹೋಗುತ್ತದೆ. ಜೊತೆಯಲ್ಲೇ ಲಿವರ್, ಬಟನ್, ಪ್ರೆಶರ್ ಪ್ಲೇಟ್ ಬಂದವು. ಲಿವರ್ ಮತ್ತು ಬಟನ್ನಿಗೆ ಆಟಗಾರನ ಕೈ ಬೇಕು. ಪ್ರೆಶರ್ ಪ್ಲೇಟಿಗೆ ಬೇಕಿಲ್ಲ, ಮೇಲೆ ಕಾಲಿಟ್ಟರೆ ಸಾಕು. ಆಟದ ಮೊದಲ ಇಂದ್ರಿಯ ಚರ್ಮ ಎನ್ನಬಹುದು.

ಸೋಸುವ ಗುಣದ ಮೊಳಕೆಯೂ ಅಲ್ಲೇ ಇತ್ತು. ಮರದ ಪ್ಲೇಟು ಮೇಲೆ ಬಿದ್ದ ಸಾಮಾನಿಗೂ ಒತ್ತಿಕೊಳ್ಳುತ್ತದೆ, ಕಲ್ಲಿನದು ಜೀವಿಗಳಿಗೆ ಮಾತ್ರ. ಮುಂದಿನ ಎರಡು ಮೂರು ವರ್ಷಗಳಲ್ಲಿ ಬಂದದ್ದು ಇದೇ ಚರ್ಮದ ವಿಸ್ತಾರ. 2011ರಲ್ಲಿ ಗಾಡಿ ಹಾಯ್ದರೆ ತಿಳಿಸುವ ಡಿಟೆಕ್ಟರ್ ಹಳಿ, 2012ರಲ್ಲಿ ದಾರಕ್ಕೆ ಕಾಲು ತಗುಲಿದರೆ ಕಿರಿಚುವ ಟ್ರಿಪ್‌ವೈರ್.

ದೊಡ್ಡ ನೆಗೆತ 2013ರ ಮಾರ್ಚಿನ 1.5 ಆವೃತ್ತಿಯದು. ಅದಕ್ಕೆ 'ರೆಡ್‌ಸ್ಟೋನ್ ಅಪ್‌ಡೇಟ್' ಎಂದೇ ಹೆಸರು. ಹೊತ್ತು ಅಳೆಯುವ ಡೇಲೈಟ್ ಸೆನ್ಸರ್, ತೂಕದಂತೆ ಬಲ ಬದಲಿಸುವ ಪ್ಲೇಟುಗಳು, ಮುಚ್ಚಳ ತೆಗೆದರೆ ಸುಳಿವು ಕೊಡುವ ಟ್ರ್ಯಾಪ್ಡ್ ಚೆಸ್ಟ್ ಎಲ್ಲ ಬಂದದ್ದು ಆಗಲೇ. ಆದರೆ ಹೆಚ್ಚು ಬಾಳಿಕೆ ಬಂದದ್ದು ಕಂಪ್ಯಾರೇಟರ್. ಅದು ಪೆಟ್ಟಿಗೆ ಎಷ್ಟು ತುಂಬಿದೆಯೆಂದು ನೋಡಿ ಅಷ್ಟೇ ಬಲದ ಸಂಕೇತ ಕೊಡುತ್ತದೆ. ಅಲ್ಲಿಯವರೆಗೆ ಸೆನ್ಸರುಗಳ ಬಾಯಲ್ಲಿ ಬಹುಮಟ್ಟಿಗೆ 'ಹೌದು', 'ಇಲ್ಲ' ಎರಡೇ ಮಾತು. ಈಗ ಅವು ಎಣಿಸತೊಡಗಿದವು. ಸಾಮಾನು ತಾನಾಗಿ ವಿಂಗಡವಾಗುವ ಉಗ್ರಾಣಗಳು ಎಷ್ಟೋ ಆಟಗಾರರ ಲೋಕಗಳಲ್ಲಿ ಎದ್ದವು.

ದೋಷದಿಂದ ಹುಟ್ಟಿದ ಕಣ್ಣು

ಮುಂದಿನ ಇಂದ್ರಿಯವನ್ನು ಆಟ ರೂಪಿಸುವ ಮೊಯಾಂಗ್ ಕಂಪನಿಗಿಂತ ಮೊದಲು ಕಂಡುಕೊಂಡವರು ಆಟಗಾರರು. 2011ರ ಜೂನ್ ಕೊನೆಗೆ ಬೀಟಾ 1.7ರಲ್ಲಿ ಪಿಸ್ಟನ್ ಬಂತು. ಅದು ಹಿಪ್ಪೊಪ್ಲಾಟಿಮಸ್ ಎಂಬ ಆಟಗಾರ ಮಾಡಿದ ಮಾಡ್‌ನ, ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ಮಾರ್ಪಾಡಿನ, ಆಧಾರದ ಮೇಲೆ ಬಂದದ್ದು. ಈ ಪಿಸ್ಟನ್ನಿಗೊಂದು ವಿಚಿತ್ರ ಗುಣವಿತ್ತು: ತನ್ನ ತಲೆಯ ಮೇಲಿನ ಖಾಲಿ ಜಾಗಕ್ಕೆ ವಿದ್ಯುತ್ತು ಬಂದರೂ ತನಗೇ ಬಂತೆಂದು ತಿಳಿಯುತ್ತದೆ. ತಿಳಿದರೂ, ಪಕ್ಕದಲ್ಲಿ ಏನಾದರೂ ಬದಲಾಗುವ ತನಕ ಅಲುಗುವುದಿಲ್ಲ. ನೋಡುವವರಿಗೆ ಇದು ದೋಷ. ಜಾಣರಿಗೆ ಹಾಗೆ ಕಾಣಲಿಲ್ಲ. ಅಲುಗಲು ಕಾದು ಕೂತ ಪಿಸ್ಟನ್ನನ್ನು ಬೆಳೆಯ ಪಕ್ಕ ಇಟ್ಟರೆ, ಬೆಳೆ ಒಂದು ಹಂತ ಬೆಳೆದೊಡನೆ ಅದು ನೆಗೆಯುತ್ತಿತ್ತು. ಹೀಗೆ ಹುಟ್ಟಿದ ತಂತ್ರಕ್ಕೆ 'ಬಡ್ ಸ್ವಿಚ್' ಎಂಬ ಹೆಸರು ನಿಂತಿತು.

ಕಂಪನಿ ಈ ಕಳ್ಳದಾರಿಯನ್ನು ಮುಚ್ಚಲಿಲ್ಲ, ಪಕ್ಕದಲ್ಲೇ ರಾಜಮಾರ್ಗ ಹಾಕಿತು. 2016ರ ಜೂನ್‌ನಲ್ಲಿ ಮೊಬೈಲಿನ ಪಾಕೆಟ್ ಎಡಿಷನ್ನಿಗೆ, ಅದೇ ನವೆಂಬರಿನಲ್ಲಿ ಕಂಪ್ಯೂಟರಿನ ಜಾವಾ ಆವೃತ್ತಿಗೆ 'ಅಬ್ಸರ್ವರ್' ಬಂತು. ಮುಖದಂಥದ್ದು ಕೆತ್ತಿದ ಈ ಬ್ಲಾಕು ತನ್ನೆದುರಿನ ಒಂದೇ ಬ್ಲಾಕನ್ನು ದಿಟ್ಟಿಸುತ್ತದೆ. ಅದು ಬದಲಾದರೆ ಬೆನ್ನಿನಿಂದ ಒಂದು ಮಿಡಿತ ಕಳಿಸುತ್ತದೆ. ಯಂತ್ರಕ್ಕೆ ಕಣ್ಣು ಬಂತು, ಆದರೆ ಒಂದಡಿ ಆಚೆ ಕಾಣದ ಕಣ್ಣು. ಆ ದೌರ್ಬಲ್ಯವೇ ಅದರ ಬಲವೂ ಆಗಿತ್ತು. ತೋರಿಸಿದ್ದನ್ನಷ್ಟೇ ನೋಡುವ ಕಣ್ಣಿಗೆ ಗೊಂದಲವೆಂಬುದೇ ಇಲ್ಲ.

ಕಿವಿಯ ಆಗಮನ

2020ರ ಅಕ್ಟೋಬರಿನ 'ಮೈನ್‌ಕ್ರಾಫ್ಟ್ ಲೈವ್' ಕಾರ್ಯಕ್ರಮದಲ್ಲಿ ಮೊಯಾಂಗ್ ಎರಡನ್ನು ಒಟ್ಟಿಗೆ ತೋರಿಸಿತು. ಒಂದು, ಕಣ್ಣಿಲ್ಲದ, ಸದ್ದಿನ ಜಾಡು ಹಿಡಿದು ಬರುವ ವಾರ್ಡನ್ ಎಂಬ ಭೂತಾಕಾರ. ಇನ್ನೊಂದು, ಕಡುನೀಲಿಯ ಗಿಡ್ಡ ಬ್ಲಾಕು, ಮೇಲೆ ಮೀಸೆಯಂತೆ ಅದುರುವ ಎಳೆಗಳು: ಸ್ಕಲ್ಕ್ ಸೆನ್ಸರ್. ಡಿಸೆಂಬರಿನ ಪರೀಕ್ಷಾ ಆವೃತ್ತಿಯಲ್ಲೇ ಸೆನ್ಸರ್ ಕಾಣಿಸಿಕೊಂಡಿತು. ಅದರ ಮನೆಯಾದ ಪಾತಾಳದ ಡೀಪ್ ಡಾರ್ಕ್ ಮಾತ್ರ ಹೊತ್ತಿಗೆ ಸಿದ್ಧವಾಗದೆ ಮುಂದಕ್ಕೆ ಹೋಯಿತು. ಹಾಗಾಗಿ 2021ರ ಜೂನಿನ 1.17ರಲ್ಲಿ ಸೆನ್ಸರ್ ಇತ್ತು, ಆದರೆ ಬೇಕಾದ್ದನ್ನು ತಾವೇ ಹುಡುಕಿಕೊಳ್ಳಬೇಕಾದ ಸರ್ವೈವಲ್ ಬಗೆಯಲ್ಲಿ ಆಡುವವರಿಗೆ ಅದು ದಕ್ಕುವ ದಾರಿ ಇರಲಿಲ್ಲ. ಡೀಪ್ ಡಾರ್ಕ್, ವಾರ್ಡನ್, ಪುರಾತನ ನಗರ ಎಲ್ಲ ಬಂದದ್ದು 2022ರ ಜೂನ್ 7ರ 1.19ರಲ್ಲಿ.

ಸೆನ್ಸರ್ ಕೆಲಸ ಮಾಡುವ ಬಗೆ ನಿಧಾನವಾಗಿ ನೋಡುವಂಥದ್ದು. ಸುತ್ತ ಎಂಟು ಬ್ಲಾಕುಗಳ ದೂರದೊಳಗೆ ಏನಾದರೂ ನಡೆದರೆ ಅಲ್ಲಿಂದ ಕಂಪನವೊಂದು ಹೊರಟು ಕಣ್ಣಿಗೆ ಕಾಣುವಂತೆ ತೇಲುತ್ತ ಬರುತ್ತದೆ. ಅದರ ವೇಗ ಸೆಕೆಂಡಿಗೆ 20 ಬ್ಲಾಕು. ಒಂದು ಬ್ಲಾಕನ್ನು ಒಂದು ಮೀಟರ್ ಎಂದು ಹಿಡಿದರೆ, ನಮ್ಮ ಗಾಳಿಯಲ್ಲಿ ಸದ್ದು ಓಡುವುದು ಇದರ ಹದಿನೇಳು ಪಟ್ಟು ವೇಗದಲ್ಲಿ. ಕಂಪನ ತಲುಪಿದೊಡನೆ ಸೆನ್ಸರ್ ಸಂಕೇತ ಕೊಡುತ್ತದೆ. ಸದ್ದು ಹತ್ತಿರದ್ದಾದರೆ ಬಲ ಹೆಚ್ಚು, ದೂರದ್ದಾದರೆ ಕಡಿಮೆ.

ಜಾಣತನ ಇರುವುದು ಇದರ ಮುಂದೆ. ಅದೇ ಸೆನ್ಸರಿನ ಪಕ್ಕ ಹಳೆಯ ಕಂಪ್ಯಾರೇಟರ್ ಇಟ್ಟರೆ ಬೇರೆಯೇ ಉತ್ತರ ಸಿಗುತ್ತದೆ. ಸೆನ್ಸರ್ ತಾನಾಗಿ ಹೇಳುವುದು 'ಎಷ್ಟು ದೂರ' ಎಂದು. ಕಂಪ್ಯಾರೇಟರ್ ಅದರಿಂದ ಹೊರಡಿಸುವುದು 'ಏನಾಯಿತು' ಎಂದು. ಆಟದ ಘಟನೆಗಳನ್ನೆಲ್ಲ 1ರಿಂದ 15ರವರೆಗಿನ ಕಂಪನಾಂಕಗಳಲ್ಲಿ ಗುಂಪು ಮಾಡಿದ್ದಾರೆ. ಈಗಿನ ಪಟ್ಟಿಯಂತೆ ನಡೆದರೆ, ಈಜಿದರೆ 1. ತಿಂದರೆ, ಕುಡಿದರೆ 8. ಪೆಟ್ಟಿಗೆ ಅಥವಾ ಬಾಗಿಲು ತೆರೆದರೆ 10, ಮುಚ್ಚಿದರೆ 9. ಬ್ಲಾಕು ಒಡೆದರೆ 12, ಇಟ್ಟರೆ 13. ಜೀವ ಹೋದರೆ, ಏನಾದರೂ ಸ್ಫೋಟಿಸಿದರೆ 15. ಹತ್ತು ವರ್ಷದ ಹಿಂದೆ ಹೊತ್ತಿಗೊಂದು, ತೂಕಕ್ಕೊಂದು, ಗಾಡಿಗೊಂದು ಎಂದು ಬೇರೆ ಬೇರೆ ಸೆನ್ಸರ್ ಬೇಕಿದ್ದ ಆಟದಲ್ಲಿ ಈಗ ಒಂದೇ ಬ್ಲಾಕು ಇಷ್ಟು ಬಗೆಯ ಘಟನೆಗಳನ್ನು ಹೆಸರಿಟ್ಟು ಕರೆಯುತ್ತದೆ.

ಜರಡಿ ಹಿಡಿಯುವ ಕೆಲಸ

ಎಲ್ಲವನ್ನೂ ಕೇಳುವ ಕಿವಿ ಯಂತ್ರ ಕಟ್ಟುವವನಿಗೆ ತಲೆನೋವು. ಹತ್ತು ಶಬ್ದ ಒಟ್ಟಿಗೆ ಇರುವಲ್ಲಿ ಮೊದಲು ಹಿಡಿದ ಒಂದಕ್ಕೆ ಅದು ಓಗೊಟ್ಟು, ಆ ಹೊತ್ತಿಗೆ ಉಳಿದವಕ್ಕೆ ಕಿವುಡಾಗುತ್ತದೆ. ಬೇಕಾದ ಸದ್ದು ಹಸುವಿನ ಹೆಜ್ಜೆಯ ಹಿಂದೆ ಬಂದರೆ ಕಳೆದೇಹೋಯಿತು.

ಮೊದಲ ಪರಿಹಾರ ಆಟ ತಾನೇ ಕೊಟ್ಟ ಉಣ್ಣೆ. ಕಂಪನದ ದಾರಿಗೆ ಉಣ್ಣೆಯ ಬ್ಲಾಕು ಅಡ್ಡ ಬಂದರೆ ಸದ್ದು ಅಲ್ಲೇ ನಿಲ್ಲುತ್ತದೆ. ಉಣ್ಣೆಯ ಮೇಲೆ ನಡೆದರೆ ಸದ್ದೇ ಹುಟ್ಟುವುದಿಲ್ಲ. ಬಗ್ಗಿ ಮೆಲ್ಲಗೆ ನಡೆದರೂ ಅಷ್ಟೆ. ಅದುವರೆಗೆ ಹಾಸಿಗೆಗೆ, ಅಲಂಕಾರಕ್ಕೆ ಬಳಸುತ್ತಿದ್ದ ವಸ್ತು ರಾತ್ರೋರಾತ್ರಿ ರೆಡ್‌ಸ್ಟೋನ್ ಕಾರ್ಯಾಗಾರದ ಸಾಮಾನಾಯಿತು. ಉಣ್ಣೆಗೆ ತಡೆಯುವುದು ಗೊತ್ತು, ಆರಿಸುವುದು ಗೊತ್ತಿಲ್ಲ.

ಆರಿಸುವ ಬಗೆ ಬಂದದ್ದು 2023ರ ಜೂನ್ 7ರ 1.20ರಲ್ಲಿ. ಒಂದು ಸ್ಕಲ್ಕ್ ಸೆನ್ಸರ್, ಮೂರು ಅಮೆಥಿಸ್ಟ್ ಚೂರು ಸೇರಿಸಿದರೆ ಕ್ಯಾಲಿಬ್ರೇಟೆಡ್ ಸ್ಕಲ್ಕ್ ಸೆನ್ಸರ್ ಆಗುತ್ತದೆ. ಅದರ ಒಂದು ಮಗ್ಗುಲಿಗೆ ರೆಡ್‌ಸ್ಟೋನ್ ಸಂಕೇತ ಕೊಟ್ಟರೆ, ಅಷ್ಟೇ ಅಂಕದ ಕಂಪನಕ್ಕೆ ಮಾತ್ರ ಅದು ಮಿಸುಕುತ್ತದೆ. 8ರ ಬಲ ಕೊಡಿ, ಏನಾದರೂ ತಿಂದರೆ, ಕುಡಿದರೆ ಮಾತ್ರ ತೆರೆಯುವ ಗುಪ್ತದ್ವಾರ ಸಿದ್ಧ. 10 ಕೊಡಿ, ಪೆಟ್ಟಿಗೆಗೆ ಕೈ ಹಾಕಿದ ಕಳ್ಳನ ಸುಳಿವು ಸಿಗುತ್ತದೆ. ಕೇಳುವ ದೂರವೂ ಹದಿನಾರು ಬ್ಲಾಕಿಗೆ ಏರಿತು. ಒಂದರ ಸದ್ದು ಇನ್ನೊಂದಕ್ಕೆ ತೊಡಕಾಗದಿರಲೆಂದು ಕಂಪನಾಂಕಗಳನ್ನೂ ಹೊಸದಾಗಿ ಜೋಡಿಸಿದರು.

ಅದೇ ಆವೃತ್ತಿಯಲ್ಲಿ ಅಮೆಥಿಸ್ಟ್ ಬ್ಲಾಕಿಗೆ ಅನುರಣನದ ಗುಣ ಬಂತು. ಸೆನ್ಸರಿನ ಪಕ್ಕ ಅದನ್ನಿಟ್ಟರೆ, ಸೆನ್ಸರ್ ಕೇಳಿದ್ದನ್ನು ಅದೇ ಅಂಕದಲ್ಲಿ ಮರುನುಡಿಯುತ್ತದೆ. ಮುಂದಿನ ಸೆನ್ಸರ್ ಅದನ್ನು ಹಿಡಿದು ಇನ್ನೂ ಮುಂದಕ್ಕೆ ದಾಟಿಸುತ್ತದೆ. ಊರಿಂದೂರಿಗೆ ಡಂಗುರ ಸಾರಿದ ಹಾಗೆ.

ಲಾಭ ನಷ್ಟದ ಲೆಕ್ಕ

ತಂತಿಯಿಲ್ಲದ ರೆಡ್‌ಸ್ಟೋನ್ ಬಹುಕಾಲದ ಕನಸು, ಹಿಂದೆ ಅದಕ್ಕಾಗಿ ಮಾಡ್‌ಗಳ ಮೊರೆ ಹೋಗಬೇಕಿತ್ತು. ಈಗ ಅದು ಮೂಲ ಆಟದಲ್ಲೇ ಇದೆ, ಪುಕ್ಕಟೆಯಾಗಿ ಅಲ್ಲ. ಪುಡಿಯ ಗೆರೆಗೆ ಸಂಕೇತದ ಬಲ ಮತ್ತೆ ತುಂಬುವ ರಿಪೀಟರ್ ಹಾಕುತ್ತ ಹೋದರೆ ಹದಿನಾರು ಬ್ಲಾಕು ದಾಟಲು ಸೆಕೆಂಡಿನ ಹತ್ತನೇ ಒಂದು ಪಾಲು ಸಾಕು. ಕಂಪನಕ್ಕೆ ಅಷ್ಟೇ ದೂರಕ್ಕೆ ಅದರ ಎಂಟು ಪಟ್ಟು ಹೊತ್ತು ಬೇಕು. ವೇಗ ಬೇಕಾದವರು ಇಂದಿಗೂ ಪುಡಿಯನ್ನೇ ಹರಡುತ್ತಾರೆ, ಒಂದೇ ಬ್ಲಾಕಿನ ಮೇಲೆ ನಿಗಾ ಇಡುವವರು ಅಬ್ಸರ್ವರ್ ಇಡುತ್ತಾರೆ, ಬಾಗಿಲ ಮುಂದೆ ಪ್ರೆಶರ್ ಪ್ಲೇಟು ಈಗಲೂ ಸಾಕು. ಹೊಸ ಇಂದ್ರಿಯ ಹಳೆಯದನ್ನು ಓಡಿಸಲಿಲ್ಲ.

ಸ್ಕಲ್ಕ್ ಸೆನ್ಸರ್ ಬದಲಿಸಿದ್ದು ಕಟ್ಟುವವರ ಯೋಚನೆಯನ್ನು. 2010ರ ಪ್ರೆಶರ್ ಪ್ಲೇಟಿಗೆ ಜಾಗ ಹುಡುಕುವುದೇ ಕೆಲಸವಾಗಿತ್ತು. ಇಂದಿನ ಸೆನ್ಸರಿಗೆ ಜಾಗ ಎಲ್ಲಾದರೂ ಸರಿ, ಅದರ ಸುತ್ತ ಮೌನವನ್ನು ಕಟ್ಟುವುದೇ ಕೆಲಸ.

ಈ ಪಾಠ ಆಟದೊಳಗೇ ಹುದುಗಿದೆ. ಪಾತಾಳದ ಪುರಾತನ ನಗರದಲ್ಲಿ, ನಡುವಿನ ಬೃಹತ್ ಚೌಕಟ್ಟಿನ ಕೆಳಗೆ ಗುಪ್ತ ಕೋಣೆಯೊಂದಿದೆ. ಅದರ ಪಿಸ್ಟನ್ ಬಾಗಿಲು ತೆರೆಯುವುದು ಸ್ಕಲ್ಕ್ ಸೆನ್ಸರಿನಿಂದ, ಒಳಗೆ ರೆಡ್‌ಸ್ಟೋನ್ ಪ್ರಯೋಗಗಳ ಮಾದರಿಗಳು. ಅಳಿದುಹೋದ ಯಾರೋ ಇಲ್ಲಿ ಕೂತು ಕಿವಿಯುಳ್ಳ ಯಂತ್ರ ಕಟ್ಟಿದ್ದರೆಂದು ಆಟ ಸೂಚಿಸುತ್ತದೆ. ಮೇಲೆ ಬಂದು ಪಾಳುಬಿದ್ದ ಬೀದಿಗಳಲ್ಲಿ ನಡೆದರೆ ಕಾಲಡಿ ಅಲ್ಲಲ್ಲಿ ಸಿಗುವುದು ಬೂದು ಬಣ್ಣದ ಉಣ್ಣೆ. ಕೇಳುವ ಯಂತ್ರ ಕಟ್ಟಿದವರು ತಾವು ಓಡಾಡುವ ದಾರಿಗೆ ಮೊದಲು ಹಾಸಿಕೊಂಡದ್ದು ಅದನ್ನೇ ಇರಬೇಕು.