ಕೋಡಿಂಗ್‌ಗೆ 4ಕೆ ಮಾನಿಟರ್ ಬೇಕೇ ಬೇಕಾ? ನೀಲಿ ಬೆಳಕಿಗೆ ಕಣ್ಣು ಹೋಗುತ್ತಾ? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ವಾಟ್ಸ್ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಸುತ್ತುತ್ತಲೇ ಇರುತ್ತವೆ. ಒಂದು, ಕಂಪ್ಯೂಟರ್ ಪರದೆಯ ನೀಲಿ ಬೆಳಕಿಗೆ ಕಣ್ಣು ಹಾಳಾಗುತ್ತದೆ, ಕೂಡಲೇ ವಿಶೇಷ ಕನ್ನಡಕ ಹಾಕಿಕೊಳ್ಳಿ ಎನ್ನುವುದು. ಇನ್ನೊಂದು, ಪ್ರೋಗ್ರಾಮಿಂಗ್ ಮಾಡುವವರಿಗೆ 4ಕೆ ಮಾನಿಟರ್, ಅದೂ ಎರಡೋ ಮೂರೋ, ಇರಲೇಬೇಕು ಎನ್ನುವುದು. ಮೊದಲನೆಯದು ಹೆದರಿಸಿ ಖರ್ಚು ಮಾಡಿಸುತ್ತದೆ, ಎರಡನೆಯದು ಆಸೆ ಹುಟ್ಟಿಸಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಇಂಥ ಖರ್ಚನ್ನು ಅಳೆಯಲು ಕೊಬ್ಬರಿ ಇದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಮಾರುಕಟ್ಟೆ ದರ ಅದರ ಮೇಲೂ ಹೋಗುತ್ತದೆ, ಕೆಳಗೂ ಇಳಿಯುತ್ತದೆ. ಲೆಕ್ಕಕ್ಕೆ ಈ ಅಂಕಿ ಸಾಕು. ಕಾಯಿ ಅಟ್ಟಕ್ಕೆ ಏರಿಸಿ, ವರ್ಷದ ಹತ್ತಿರ ಒಣಗಲು ಬಿಟ್ಟು, ಸುಲಿಸಿ, ಒಡೆಸಿ, ಎಪಿಎಂಸಿಗೆ ಹಾಕಿದ ಮೇಲೆ ಬರುವ ದುಡ್ಡು ಅದು. 24 ಇಂಚಿನ ಸಾಧಾರಣ ಒಳ್ಳೆಯ ಮಾನಿಟರ್ ಒಂದು ಕ್ವಿಂಟಲ್ ಕೊಬ್ಬರಿಯೊಳಗೆ ಬರುತ್ತದೆ. 27 ಇಂಚಿನ 4ಕೆ ಎಂದರೆ ಎರಡು ಕ್ವಿಂಟಲ್ ಎಂದಿಟ್ಟುಕೊಳ್ಳಿ. ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಮಗಳಿಗೋ, ಎಂಜಿನಿಯರಿಂಗ್ ಓದುತ್ತಿರುವ ಮಗನಿಗೋ ಯಾವುದು ಕೊಡಿಸಬೇಕು?

ಚುಟುಕಾಗಿ ಹೇಳುವುದಾದರೆ: ಹೆಚ್ಚಿನವರಿಗೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಮಾನಿಟರ್ ಒಂದೇ ಸಾಕು. ಕೈಯಲ್ಲಿ ಸ್ವಲ್ಪ ಹೆಚ್ಚು ಇದ್ದರೆ 27 ಇಂಚಿನ 1440ಪಿ. ನೀಲಿ ಬೆಳಕಿನ ಕನ್ನಡಕದ ದುಡ್ಡನ್ನು ಒಂದು ಕೀಬೋರ್ಡಿಗೆ ಹಾಕಿ. ಏಕೆ ಎನ್ನುವುದು ಮುಂದಿದೆ.

ಇಂಚು ಬೇರೆ, ಪಿಕ್ಸೆಲ್ ಬೇರೆ

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಇಂಚು. ಆದರೆ ಅಕ್ಷರ ಎಷ್ಟು ಚೊಕ್ಕವಾಗಿ ಕಾಣುತ್ತದೆ ಎಂಬುದು ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಇವೆ ಎನ್ನುವುದರ ಮೇಲೆ ನಿಂತಿದೆ. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. 24 ಇಂಚಿನ ಪರದೆಯಲ್ಲಿ ಇದು ಇಂಚಿಗೆ ಸುಮಾರು 92 ಪಿಕ್ಸೆಲ್ ಆಗುತ್ತದೆ. ಅದೇ ಚುಕ್ಕಿಗಳನ್ನು 27 ಇಂಚಿಗೆ ಹರಡಿದರೆ 82ಕ್ಕೆ ಇಳಿಯುತ್ತದೆ. ಅಂದರೆ ಹೆಚ್ಚು ದುಡ್ಡು ಕೊಟ್ಟು 27 ಇಂಚಿನ ಫುಲ್ ಎಚ್‌ಡಿ ತಂದವರಿಗೆ ಸಿಕ್ಕಿದ್ದು ದಪ್ಪ ಅಕ್ಷರ ಅಷ್ಟೇ. ಒಂದು ಸಾಲು ಕೋಡ್ ಕೂಡ ಹೆಚ್ಚಿಗೆ ಕಾಣುವುದಿಲ್ಲ. 27 ಇಂಚಿಗೆ ಸರಿಹೊಂದುವುದು 2560 × 1440, ಅಂದರೆ ಇಂಚಿಗೆ 109 ಪಿಕ್ಸೆಲ್. ಅದೇ ಗಾತ್ರದಲ್ಲಿ 4ಕೆ ಆದರೆ 163.

ಕನ್ನಡ ಓದುವವರಿಗೆ ಈ ಲೆಕ್ಕ ಇಂಗ್ಲಿಷಿನವರಿಗಿಂತ ಹೆಚ್ಚು ಮುಖ್ಯ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಮ್ಮದು ಹಾಗಲ್ಲ, ಮೇಲೆ ತಲಕಟ್ಟು, ಕೆಳಗೆ ಒತ್ತಕ್ಷರ. ‘ಲಕ್ಷ್ಮಿ’, ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳನ್ನು ಸಣ್ಣ ಗಾತ್ರದಲ್ಲಿ ಕಡಿಮೆ ಪಿಕ್ಸೆಲ್‌ನ ಪರದೆ ಮೇಲೆ ನೋಡಿ, ಒತ್ತುಗಳೆಲ್ಲ ಸೇರಿ ಮುದ್ದೆಯಾಗಿರುತ್ತವೆ. ಕನ್ನಡ ಆ್ಯಪ್, ಕನ್ನಡ ವೆಬ್‌ಸೈಟ್ ಮಾಡುವವರು ಮಾನಿಟರ್ ಕೊಳ್ಳುವ ಮೊದಲು ಅಂಗಡಿಯಲ್ಲೇ ಇಂಥ ನಾಲ್ಕು ಪದ ಟೈಪ್ ಮಾಡಿಸಿ ನೋಡಬೇಕು. ಪೆಟ್ಟಿಗೆಯ ಮೇಲಿನ ಅಂಕಿಗಳಿಗಿಂತ ಇದು ಒಳ್ಳೆಯ ಪರೀಕ್ಷೆ. ಕೋಡ್ ಬರೆಯುವ ಎಡಿಟರ್‌ನಲ್ಲಿ ಸಾಲಿನ ಅಂತರವನ್ನು 1.6ರ ಆಸುಪಾಸಿಗೆ ಏರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಕಟ್ಟಿಗೆ ತಗುಲುವುದಿಲ್ಲ. ಎಡಿಟರ್‌ಗಳು ಎಲ್ಲ ಅಕ್ಷರಕ್ಕೂ ಒಂದೇ ಅಗಲ ಎಂದುಕೊಂಡು ಲೆಕ್ಕ ಹಾಕುತ್ತವೆ. ಕನ್ನಡಕ್ಕೆ ಅದು ಒಗ್ಗುವುದಿಲ್ಲ, ಕರ್ಸರ್ ಆಗಾಗ ಎಲ್ಲೋ ನಿಲ್ಲುತ್ತದೆ. ಅದಕ್ಕೆ ಮಾನಿಟರನ್ನು ಬೈದು ಪ್ರಯೋಜನವಿಲ್ಲ.

ಹಾಗಾದರೆ 4ಕೆ?

4ಕೆ ತಂದರೆ ಪರದೆ ಮೇಲೆ ಜಾಗ ನಾಲ್ಕು ಪಟ್ಟು ಹೆಚ್ಚುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಕಾಗದದ ಮೇಲೆ ಹೌದು. ಆದರೆ 27 ಇಂಚಿನ 4ಕೆಯಲ್ಲಿ ಅಕ್ಷರ ಇರುವೆಯಷ್ಟಾಗುವುದರಿಂದ ಎಲ್ಲರೂ ವಿಂಡೋಸ್‌ನಲ್ಲಿ ಸ್ಕೇಲಿಂಗ್ 150%ಗೆ ಏರಿಸುತ್ತಾರೆ. 3840ನ್ನು 1.5ರಿಂದ ಭಾಗಿಸಿ: 2560. ಅಂದರೆ ಕಾಣುವ ಜಾಗ 1440ಪಿ ಮಾನಿಟರ್‌ನಷ್ಟೇ. ಹೆಚ್ಚುವರಿ ದುಡ್ಡಿಗೆ ಸಿಕ್ಕಿದ್ದು ಅಕ್ಷರದ ನಯ. ಆ ನಯ ಸುಳ್ಳಲ್ಲ, ಕನ್ನಡದ ಒತ್ತುಗಳಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಇನ್ನೊಂದು ಕ್ವಿಂಟಲ್ ಕೊಬ್ಬರಿಗೆ ಅದು ಸಮವೇ ಎಂದು ನೀವೇ ನಿರ್ಧರಿಸಿ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಇನ್ನೊಂದು ತೊಡಕಿದೆ. ಎಚ್‌ಡಿಎಂಐ 1.4 ಇರುವ ಯಂತ್ರ 4ಕೆಯನ್ನು ಸೆಕೆಂಡಿಗೆ 30 ಚಿತ್ರದಂತೆ ಮಾತ್ರ ಕಳಿಸಬಲ್ಲದು. ಮೌಸ್ ಎಳೆದರೆ ತಡವರಿಸಿದಂತೆ ಕಾಣುತ್ತದೆ. 60ಕ್ಕೆ ಎಚ್‌ಡಿಎಂಐ 2.0 ಬೇಕು.

144 ಹರ್ಟ್ಸ್, 1 ಮಿಲಿಸೆಕೆಂಡ್ ಎಂಬ ಜಾಹೀರಾತುಗಳು ಗೇಮ್ ಆಡುವವರಿಗೆ. ಕೋಡ್‌ಗೆ 60 ಸಾಕು.

ಎಷ್ಟು ಮಾನಿಟರ್ ಎಂಬ ಪ್ರಶ್ನೆಗೆ ಬಂದರೆ, 1366 × 768ರ ಹಳೆ ಲ್ಯಾಪ್‌ಟಾಪಿನಲ್ಲಿ ಮೇಲೆ ಕೆಳಗಿನ ಪಟ್ಟಿ ಕಳೆದು ಸುಮಾರು 30 ಸಾಲು ಕೋಡ್ ಕಾಣುತ್ತದೆ. 1080ರಲ್ಲಿ 45 ದಾಟುತ್ತದೆ. ಅದೇ ಮಾನಿಟರನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದರೆ 80ಕ್ಕೂ ಹೆಚ್ಚು. ಲ್ಯಾಪ್‌ಟಾಪ್ ಪರದೆಯೂ ಒಂದು ಪರದೆಯೇ. ಅದರ ಜೊತೆ ಒಂದು ಮಾನಿಟರ್ ಇದ್ದರೆ ಎರಡು ಆಯಿತಲ್ಲ. ದೊಡ್ಡ ಪರದೆಯಿಂದ ಕೆಲಸ ವೇಗವಾಗುತ್ತದೆ ಎಂಬುದಕ್ಕೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ 2008ರ ಅಧ್ಯಯನವನ್ನು ತೋರಿಸುವುದುಂಟು. ಅದಕ್ಕೆ ಹಣ ಕೊಟ್ಟದ್ದು ಮಾನಿಟರ್ ತಯಾರಿಸುವ ಎನ್‌ಇಸಿ ಕಂಪನಿ, ಮತ್ತು ಅಲ್ಲಿ ಮಾಡಿಸಿದ್ದು ಬರಹ ತಿದ್ದುವ, ಸ್ಪ್ರೆಡ್‌ಶೀಟ್ ತುಂಬುವ ಕೆಲಸ, ಪ್ರೋಗ್ರಾಮಿಂಗ್ ಅಲ್ಲ.

ಮನೆಯ ಟಿವಿಯನ್ನೇ ಬಳಸಬಹುದಾ?

ಬಳಸಬಹುದು, ಆದರೆ ದಿನವಿಡೀ ಅಲ್ಲ. 32 ಇಂಚಿನ ಅಗ್ಗದ ಟಿವಿಗಳು ಹೆಚ್ಚಾಗಿ 1366 × 768. ಇಂಚಿಗೆ ಬರೀ 49 ಪಿಕ್ಸೆಲ್. ಹತ್ತಿರ ಕೂತರೆ ಒಂದೊಂದು ಚುಕ್ಕಿಯೂ ಎಣಿಸುವಂತಿರುತ್ತದೆ. ಜೊತೆಗೆ ಸಿನಿಮಾಕ್ಕೆಂದು ಮಾಡಿದ ಟಿವಿಗಳಲ್ಲಿ ಬಣ್ಣದ ಮಾಹಿತಿಯನ್ನು ಅರ್ಧಂಬರ್ಧ ಮಾಡುವ ತಂತ್ರವಿರುತ್ತದೆ, ಕಪ್ಪು ಹಿನ್ನೆಲೆ ಮೇಲಿನ ಕೆಂಪು ಅಕ್ಷರ ಹರಡಿದಂತೆ ಕಾಣುವುದು ಇದರಿಂದ. ಸೆಟ್ಟಿಂಗ್‌ನಲ್ಲಿ ‘ಪಿಸಿ’ ಎಂಬ ಆಯ್ಕೆ ಇದ್ದರೆ ಹಾಕಿ ನೋಡಿ, ಬಹಳಷ್ಟು ಸರಿಹೋಗುತ್ತದೆ.

ನೀಲಿ ಬೆಳಕು: ಭಯಕ್ಕೆ ಆಧಾರವಿದೆಯೇ?

ಇಲ್ಲ. ಪರದೆಯ ನೀಲಿ ಬೆಳಕಿನಿಂದ ಕಣ್ಣು ಹೋಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ತೋಟಕ್ಕೆ ಹೋಗಿ ಬರುವಾಗ ಆಕಾಶದಿಂದ ಬೀಳುವ ನೀಲಿ ಬೆಳಕಿನ ಮುಂದೆ ಮಾನಿಟರಿನದು ಏನೇನೂ ಅಲ್ಲ. 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿತು. ನೀಲಿ ಬೆಳಕು ತಡೆಯುವ ಕನ್ನಡಕ ಕಣ್ಣಿನ ದಣಿವನ್ನು ಸಾಮಾನ್ಯ ಕನ್ನಡಕಕ್ಕಿಂತ ಹೆಚ್ಚು ಕಡಿಮೆ ಮಾಡುವಂತೆ ಕಾಣುವುದಿಲ್ಲ ಎಂಬುದು ಅದರ ತೀರ್ಮಾನ. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ ಕಂಪ್ಯೂಟರ್ ಕೆಲಸಕ್ಕೆಂದು ಇವನ್ನು ಶಿಫಾರಸು ಮಾಡುವುದಿಲ್ಲ. ಮಾನಿಟರ್ ಪಕ್ಕ ಪಾಪಸುಕಳ್ಳಿ ಇಟ್ಟರೆ ‘ರೇಡಿಯೇಷನ್’ ಹೀರುತ್ತದೆ ಎನ್ನುವುದಂತೂ ಶುದ್ಧ ಕಟ್ಟುಕತೆ.

ಮತ್ತೆ ಸಂಜೆ ಹೊತ್ತಿಗೆ ಕಣ್ಣು ಉರಿಯುವುದು ಸುಳ್ಳೇ? ಸುಳ್ಳಲ್ಲ, ಕಾರಣ ಬೇರೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 15 ಬಾರಿ ಕಣ್ಣು ಮಿಟುಕಿಸುತ್ತೇವೆ. ಪರದೆ ನೋಡುವಾಗ ಅದು ಐದಾರು ಏಳಕ್ಕೆ ಇಳಿಯುತ್ತದೆ. ಕಣ್ಣಿನ ಪಸೆ ಆರುತ್ತದೆ. ನೇರವಾಗಿ ಮುಖಕ್ಕೆ ಬೀಸುವ ಫ್ಯಾನ್ ಇದ್ದರೆ ಇನ್ನೂ ಬೇಗ. 20 ನಿಮಿಷಕ್ಕೊಮ್ಮೆ 20 ಸೆಕೆಂಡು 20 ಅಡಿ ಆಚೆ ನೋಡಿ ಎಂಬ ಸಲಹೆ ಇರುವುದು ಇದಕ್ಕೇ. ಕಿಟಕಿಯಾಚೆ ತೆಂಗಿನ ಮರ ಇರುವವರಿಗೆ ಇದಕ್ಕಿಂತ ಸುಲಭದ್ದು ಯಾವುದಿದೆ! ಆದರೆ ಉರಿ ಕಡಿಮೆಯಾಗಲೆಂದು ಮನೆಯ ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಕಣ್ಣಿಗೆ ಬಿಡಬೇಡಿ. ಅಡುಗೆಮನೆಯ ಎಣ್ಣೆ ಕಣ್ಣಿಗಾಗಿ ಶುದ್ಧೀಕರಿಸಿದ್ದಲ್ಲ, ಸೋಂಕು ತಗುಲಬಹುದು. ತಲೆನೋವು, ಮಂಜು ನಿಲ್ಲದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಕನ್ನಡಕದ ನಂಬರ್ ಬದಲಾಗಿರುತ್ತದೆ.

ಡಾರ್ಕ್ ಮೋಡ್ ಕಣ್ಣಿಗೆ ಒಳ್ಳೆಯದು ಎಂಬುದೂ ಅರ್ಧ ಸತ್ಯ. ಜರ್ಮನಿಯ ಡ್ಯೂಸೆಲ್ಡಾರ್ಫ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿ ಹಿನ್ನೆಲೆಯ ಕಪ್ಪು ಅಕ್ಷರವನ್ನೇ ಯುವಕರೂ ಹಿರಿಯರೂ ಚೆನ್ನಾಗಿ ಗುರುತಿಸಿದರು. ಬೆಳಕಿಗೆ ಪಾಪೆ ಕಿರಿದಾಗುತ್ತದೆ, ಕಿರಿದಾದಾಗ ನೋಟ ಚೂಪಾಗುತ್ತದೆ. ರಾತ್ರಿ ಕತ್ತಲ ಕೋಣೆಯಲ್ಲಿ ಡಾರ್ಕ್ ಮೋಡ್ ಹಿತ ಎನಿಸಿದರೆ ಬಳಸಿ, ತೊಂದರೆಯೇನಿಲ್ಲ. ಕತ್ತಲ ಕೋಣೆಯಲ್ಲಿ ಕೂರದಿರುವುದು ಇನ್ನೂ ಒಳ್ಳೆಯದು.

ಪರದೆಯಲ್ಲೇ ದೋಷವಿರುವ ಒಂದು ಸಂದರ್ಭ ಇದೆ: ಮಿನುಗು. ಕೆಲವು ಮಾನಿಟರ್‌ಗಳು ಬ್ರೈಟ್‌ನೆಸ್ ತಗ್ಗಿಸಿದಾಗ ದೀಪವನ್ನು ಅತಿ ವೇಗವಾಗಿ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ಬರುತ್ತದೆ. ಅಂಗಡಿಯಲ್ಲಿ ಬ್ರೈಟ್‌ನೆಸ್ ಇಳಿಸಿ, ಬಿಳಿ ಪರದೆ ಮುಂದೆ ಪೆನ್ನನ್ನು ಜೋರಾಗಿ ಅತ್ತಿತ್ತ ಆಡಿಸಿ. ಒಂದೇ ಮಸುಕು ಕಂಡರೆ ಸರಿ. ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿ ಪೆನ್ನುಗಳು ಕಂಡರೆ ಬೇರೆ ಮಾಡೆಲ್ ಕೇಳಿ.

ಇಡುವ ಜಾಗ, ಕರೆಂಟು, ಸಿಡಿಲು

ಕಿಟಕಿ ಬೆನ್ನ ಹಿಂದೆಯೂ ಬೇಡ, ಪರದೆ ಹಿಂದೆಯೂ ಬೇಡ, ಪಕ್ಕಕ್ಕಿರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ, ದೂರ ಒಂದು ತೋಳಿನಷ್ಟು. ಮಾನಿಟರ್ ಕೊಳ್ಳಲು ಈಗ ಆಗದು ಎನ್ನುವವರು ಲ್ಯಾಪ್‌ಟಾಪನ್ನು ಎರಡು ಊಟದ ಮಣೆ ಮೇಲೇರಿಸಿ, ಬೇರೆ ಕೀಬೋರ್ಡ್, ಮೌಸ್ ಜೋಡಿಸಿದರೆ ಕುತ್ತಿಗೆ ನೋವಿನ ದೊಡ್ಡ ಪಾಲು ಅಲ್ಲಿಗೇ ಕಳೆಯುತ್ತದೆ. ಮೇಲೆ ಹೇಳಿದ ಕೀಬೋರ್ಡ್ ದುಡ್ಡು ಇದೇ.

ಪಂಪ್‌ಸೆಟ್ ಶುರುವಾದಾಗ ದೀಪ ಮಂಕಾಗುವ ಊರಲ್ಲಿ ಮಾನಿಟರ್‌ಗೆ ಸ್ಟೆಬಿಲೈಸರ್ ಬೇಕೆಂದು ಹೇಳುವವರಿದ್ದಾರೆ. ಮಾನಿಟರ್ ಹಿಂದಿನ ಅಥವಾ ಅಡಾಪ್ಟರ್ ಮೇಲಿನ ಚೀಟಿ ಓದಿ: ಸಾಮಾನ್ಯವಾಗಿ 100–240 ವೋಲ್ಟ್ ಎಂದಿರುತ್ತದೆ. ವೋಲ್ಟೇಜ್ ಇಳಿದರೆ ಅದಕ್ಕೆ ಏನೂ ಆಗುವುದಿಲ್ಲ. ಕೊಲ್ಲುವುದು ಕರೆಂಟು ದಿಢೀರನೆ ನುಗ್ಗಿ ಬರುವುದು, ಅದಕ್ಕೂ ಮಿಗಿಲಾಗಿ ಸಿಡಿಲು. ಏಪ್ರಿಲ್–ಮೇನಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡಿ, ಇಂಟರ್ನೆಟ್ ಕೇಬಲ್ಲನ್ನೂ. ಸ್ವಿಚ್ ಆರಿಸಿದರೆ ಸಾಲದು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಸ್ಪೈಕ್ ಗಾರ್ಡ್ ಇದ್ದೂ ಇಲ್ಲದಂತೆ.

ಇನ್ವರ್ಟರ್ ಲೆಕ್ಕ ಸುಲಭ. 150 ಎಎಚ್ ಬ್ಯಾಟರಿಯಿಂದ ನಷ್ಟ ಕಳೆದು ಸುಮಾರು 1,000 ವಾಟ್-ಅವರ್ ಸಿಗುತ್ತದೆ ಎಂದುಕೊಳ್ಳಿ. ಲ್ಯಾಪ್‌ಟಾಪ್ 40, 24 ಇಂಚಿನ ಮಾನಿಟರ್ 20, ರೂಟರ್ 10, ಹಳೆ ಫ್ಯಾನ್ 70 ವಾಟ್, ಒಟ್ಟು 140. ಏಳು ಗಂಟೆ ಬರುತ್ತದೆ. ಇದರಲ್ಲಿ ಹೆಚ್ಚು ತಿನ್ನುವುದು ಫ್ಯಾನು, ಮಾನಿಟರ್ ಅಲ್ಲ. ಇನ್ವರ್ಟರ್ ಹಿಂದೆ ‘ಯುಪಿಎಸ್’ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿಡಿ, ಕರೆಂಟು ಹೋದಾಗ ಡೆಸ್ಕ್‌ಟಾಪ್ ಮತ್ತೆ ಶುರುವಾಗುವ ಕಾಟ ತಪ್ಪುತ್ತದೆ.

ಕೊಳ್ಳುವಾಗ ಇನ್ನೆರಡು ವಿಷಯ. 32 ಇಂಚಿಗಿಂತ ದೊಡ್ಡ ಮಾನಿಟರ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28%ರಿಂದ 18%ಗೆ ಇಳಿದಿದೆ. ಹಳೆಯ ದರ ಹೇಳಿದರೆ ಬಿಲ್ ಕೇಳಿ. ಹೆಸರೇ ಕೇಳಿರದ ಬ್ರ್ಯಾಂಡ್ ಅಗ್ಗಕ್ಕೆ ಸಿಕ್ಕರೆ, ಹಿಂದಿನ ಚೀಟಿಯಲ್ಲಿ ಬಿಐಎಸ್ ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಹುಡುಕಿ, ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ. ತಯಾರಕರ ಹೆಸರು ಅಲ್ಲಿ ಬರಬೇಕು. ಸೇವಾ ಕೇಂದ್ರ ತುಮಕೂರಿನಲ್ಲಿದೆಯೋ, ಕೆಟ್ಟರೆ ಬೆಂಗಳೂರಿಗೇ ಹೊರಬೇಕೋ ಎಂಬುದನ್ನೂ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ. ಪೆಟ್ಟಿಗೆ ಮತ್ತು ಥರ್ಮೋಕೋಲನ್ನು ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲೆ ಕಾಯಿ ರಾಶಿಯ ಪಕ್ಕ ಇಟ್ಟಿರಿ.